ಆಡಿಟರ್ ಫೀಸು

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂತಲ್ಲ, ಆಮೇಲೆ ನಮ್ಮ ಬೀದಿಯ ಬೇಕರಿಯವರೂ ಆಡಿಟರ್ ಹಿಡಿದಿದ್ದಾರೆ. ಇವತ್ತು ಬ್ರೆಡ್ ತರಲು ಹೋದಾಗ ಫೀಸಿನ ಮಾತೇ ಬಂತು.

ನನಗೆ ಬೇಜಾರಾಗುವುದು ಇದಕ್ಕೆ. ತೆರಿಗೆ ವ್ಯಾಪಾರ ನೋಡಿ ಏರಿಳಿಯುತ್ತದೆ, ಫೀಸು ಹಾಗಲ್ಲ. ಜಿಎಸ್‌ಟಿ ನಂಬರ್ ಇದ್ದರೆ ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ರಿಟರ್ನ್, ಅಂದರೆ ಇಲಾಖೆಗೆ ಕೊಡುವ ವ್ಯಾಪಾರದ ಲೆಕ್ಕ, ಹಾಕಲೇಬೇಕು; ಹಾಕಿಕೊಡುವ ಆಡಿಟರ್‌ಗೆ ಫೀಸೂ ಕೊಡಬೇಕು. ತಡವಾದರೆ ಆ ನಿಲ್ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿ ಲೇಟ್ ಫೀ. ದೊಡ್ಡ ಅಂಗಡಿಗೆ ಈ ಖರ್ಚು ಲೆಕ್ಕಕ್ಕಿಲ್ಲ. ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿಗೆ ಲಾಭದಲ್ಲೇ ಕೈ ಹಾಕಿದಂತೆ.

ಆದರೂ ಒಳ್ಳೆ ಆಡಿಟರ್ ಸಿಕ್ಕರೆ ಫೀಸು ದಂಡ ಅಲ್ಲ. ಆದಾಯ ತೆರಿಗೆಯಲ್ಲಿ 2 ಕೋಟಿವರೆಗಿನ ವಹಿವಾಟಿಗೆ ಶೇ. 8ನ್ನು ಲಾಭ ಎಂದು ತೋರಿಸಿದರೆ ಸಾಕು, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣಕ್ಕೆ ಶೇ. 6. ದೊಡ್ಡ ಲೆಕ್ಕಪುಸ್ತಕ ಬೇಕಿಲ್ಲ. ಇದನ್ನು ತಾವಾಗಿಯೇ ಹೇಳುವ ಆಡಿಟರ್ ಮೇಲೆ ನನಗೆ ತುಂಬಾ ಗೌರವ.

ಬೇಕರಿಯವರಿಗೆ ಅಷ್ಟೇ ಹೇಳಿ ಬಂದೆ: ಫೀಸು ರಿಟರ್ನ್‌ಗೆ ಇಷ್ಟು ಅಂತಲೋ, ವರ್ಷಕ್ಕೆ ಇಷ್ಟು ಅಂತಲೋ, ನೋಟಿಸ್ ಬಂದರೆ ಬೇರೆ ಕೊಡಬೇಕೋ, ಮೊದಲೇ ಕೇಳಿಕೊಳ್ಳಿ.