ಮಂಡಿಯ ರೈಟರ್ ಪಕ್ಕದಲ್ಲಿ ಕುಳಿತು ಮಾಡಿದ ಸಾಫ್ಟ್‌ವೇರ್

ಕೋಲಾರದ ಎಪಿಎಂಸಿ ಮಾರುಕಟ್ಟೆಯ ಟೊಮೆಟೊ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡದಲ್ಲಿ ನಾನು ಕೆಲಸ ಮಾಡುತ್ತೇನೆ. ಇದಕ್ಕೂ ಮೊದಲು ಬೆಂಗಳೂರಿನಲ್ಲಿ ಅಜೈಲ್ ಪದ್ಧತಿಯ ತಂಡಗಳಲ್ಲಿದ್ದೆ. ಸಾಫ್ಟ್‌ವೇರನ್ನು ಸ್ವಲ್ಪಸ್ವಲ್ಪವಾಗಿ ಮಾಡಿ, ಬಳಸುವವರ ಅಭಿಪ್ರಾಯ ಕೇಳಿ ತಿದ್ದುತ್ತ ಹೋಗುವ ಪದ್ಧತಿ ಅದು. ಎರಡು ವಾರಕ್ಕೊಂದು ಸ್ಪ್ರಿಂಟ್ ಎಂಬ ಕೆಲಸದ ಸುತ್ತು, ದಿನಕ್ಕೆ ಹದಿನೈದು ನಿಮಿಷದ ಸಭೆ, ಗೋಡೆಯ ಮೇಲೆ ಬಣ್ಣಬಣ್ಣದ ಚೀಟಿಗಳು, ಎಲ್ಲವೂ ಇದ್ದವು. ಆದರೆ ನಾವು ಬರೆದ ಸಾಫ್ಟ್‌ವೇರನ್ನು ಯಾರು ಬಳಸುತ್ತಾರೋ ಅವರ ಮುಖ ನೋಡುವ ಅವಕಾಶ ಮಾತ್ರ ಇರಲಿಲ್ಲ. ಆ ಅವಕಾಶ ಇಲ್ಲದಿದ್ದರೆ ಮಿಕ್ಕ ಆಚರಣೆಗಳಿಂದ ಹೆಚ್ಚೇನೂ ದಕ್ಕುವುದಿಲ್ಲ ಎಂಬುದು ಕೋಲಾರಕ್ಕೆ ಬಂದ ಮೇಲೆ ನನಗೆ ಖಚಿತವಾಯಿತು.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆಯನ್ನು ರೂಪಿಸಿದರು. ಅದರ ಜೊತೆಗಿರುವ 12 ತತ್ತ್ವಗಳಲ್ಲಿ ಒಂದು ಹೀಗಿದೆ: ವ್ಯವಹಾರ ಬಲ್ಲವರೂ ಸಾಫ್ಟ್‌ವೇರ್ ಬರೆಯುವವರೂ ಯೋಜನೆಯುದ್ದಕ್ಕೂ ದಿನವೂ ಕೂಡಿ ಕೆಲಸ ಮಾಡಬೇಕು. ‘ದಿನವೂ’ ಎಂದಿದೆ, ತಿಂಗಳಿಗೊಮ್ಮೆ ಎಂದಲ್ಲ. ಹೆಚ್ಚಿನ ತಂಡಗಳು ಜಾಣತನದಿಂದ ದಾಟಿಹೋಗುವುದು ಇದೇ ಸಾಲನ್ನು.

ಮಂಡಿಯಲ್ಲಿ ವ್ಯವಹಾರ ಬಲ್ಲವರು ಯಾರು? ನಮಗೆ ಹಣ ಕೊಡುವವರು ಮಾಲೀಕರು. ಆದರೆ ಹರಾಜಿನ ಹೊತ್ತಿನಲ್ಲಿ ಚೀಟಿ ಹಿಡಿದು ನಿಲ್ಲುವವರು ರೈಟರ್. ಯಾವ ರೈತ, ಎಷ್ಟು ಬಾಕ್ಸ್, ಯಾವ ದರಕ್ಕೆ, ಯಾರ ಪಾಲಾಯಿತು ಎಂಬುದು ಅವರ ಕೈಯಿಂದಲೇ ಕಾಗದಕ್ಕೆ ಇಳಿಯಬೇಕು. ಸುತ್ತ ಕೂಗು, ಹಮಾಲರ ಓಡಾಟ, ಕನ್ನಡ ತೆಲುಗು ಎರಡರಲ್ಲೂ ಎಣಿಕೆ. ಅಲ್ಲಿ ಪರದೆಯ ಮೇಲೆ ಒಂದು ಗುಂಡಿ ಹೆಚ್ಚಾದರೂ ಅವರು ಮೊಬೈಲನ್ನು ಜೇಬಿಗೆ ಹಾಕಿ ಮತ್ತೆ ಪೆನ್ನು ತೆಗೆಯುತ್ತಾರೆ. ಆ ಪೆನ್ನು ಹೊರಬಂದ ಕ್ಷಣಕ್ಕಿಂತ ಪ್ರಾಮಾಣಿಕವಾದ ಅಭಿಪ್ರಾಯ ಇನ್ನೊಂದಿಲ್ಲ.

ಬಾಯಿಮಾತಿನ ಅಭಿಪ್ರಾಯ ಬೇರೆ ಬಗೆಯದು. ನಮ್ಮ ಕಡೆಯ ಜನಕ್ಕೆ ದಾಕ್ಷಿಣ್ಯ ಹೆಚ್ಚು. ಮನೆಗೆ ಬಂದವರ ಕೆಲಸವನ್ನು ಎದುರಿಗೇ ಚೆನ್ನಾಗಿಲ್ಲ ಎನ್ನುವುದು ಅವರಿಂದಾಗದು. ‘ಹೇಗಿದೆ ಅಣ್ಣಾ?’ ಎಂದು ಕೇಳಿದರೆ ‘ಚೆನ್ನಾಗಿದೆಯಮ್ಮಾ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೇ ನಾನು ಆ ಪ್ರಶ್ನೆ ಕೇಳುವುದನ್ನು ಬಿಟ್ಟು, ‘ಈ ಲೋಡಿನ ಲೆಕ್ಕ ಇದರಲ್ಲಿ ಹಾಕಿ ತೋರಿಸಿ’ ಎನ್ನತೊಡಗಿದೆ. ಒಬ್ಬ ಹಿರಿಯ ರೈಟರ್ ಹಾಗೆ ತೋರಿಸುವಾಗ ಅರ್ಧಕ್ಕೇ ನಿಂತರು. ‘ಎಂಬತ್ತು ಬಾಕ್ಸ್ ಒಂದೇ ದರಕ್ಕೆ ಎಲ್ಲಿ ಹೋಗುತ್ತದಮ್ಮಾ? ದಪ್ಪ ಕಾಯಿ ಐವತ್ತು ಬಾಕ್ಸ್ ಒಂದು ದರ, ಸಣ್ಣದು ಮೂವತ್ತು ಇನ್ನೊಂದು ದರ’ ಎಂದರು. ಒಬ್ಬ ರೈತನ ಮಾಲು ಹರಾಜಿನಲ್ಲಿ ಒಡೆದು ಒಡೆದು ಹೋಗುತ್ತದೆ ಎಂಬುದು ಅವರಿಗೆ ಎಷ್ಟು ಸಹಜವೆಂದರೆ, ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಅವರಿಗೆ ತೋಚಿಯೇ ಇರಲಿಲ್ಲ. ಎಷ್ಟು ಪುಟದ ಬೇಡಿಕೆ ಪಟ್ಟಿ ಬರೆಸಿಕೊಂಡಿದ್ದರೂ ಆ ಮಾತು ಅದರಲ್ಲಿ ಇರುತ್ತಿರಲಿಲ್ಲ. ಆ ವಾರ ಬರೆದಿದ್ದ ಪರದೆಯನ್ನು ಮುಂದಿನ ವಾರವೇ ಬದಲಿಸಿದೆವು. ವಾರದ ಕೆಲಸವಾದ್ದರಿಂದ ಯಾರಿಗೂ ಹೊಟ್ಟೆ ಉರಿಯಲಿಲ್ಲ.

2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸಿನ ದರ 2000 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿರಬಹುದು. ಮಾಲು ಕಳುಹಿಸಿ ತೋಟದಲ್ಲೇ ಉಳಿದ ರೈತರು ದರ ತಿಳಿಯಲು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ನಾವು ಆಗ ಕೈಗೆತ್ತಿಕೊಳ್ಳಬೇಕಿದ್ದದ್ದು ಮಾಲೀಕರಿಗಾಗಿ ತಿಂಗಳ ವರದಿ. ಅದನ್ನು ಪಕ್ಕಕ್ಕಿಟ್ಟು, ಹರಾಜು ಮುಗಿದ ಕೂಡಲೇ ರೈತನಿಗೆ ಎಸ್‌ಎಂಎಸ್ ಹೋಗುವಂತೆ ಮಾಡುವುದೆಂದು ನಿರ್ಧರಿಸಿದೆವು.

ಸುಲಭದ ಕೆಲಸವೆಂದು ಕಾಣುತ್ತದೆ, ಆದರೆ ಅಲ್ಲಿ ಎರಡು ಕಟ್ಟುಪಾಡುಗಳಿವೆ. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರಗಳ ಮಿತಿಯಾದರೆ ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಕಾಗುಣಿತದ ಗುರುತುಗಳು, ಒತ್ತಕ್ಷರದ ಭಾಗಗಳು ಬೇರೆಬೇರೆಯಾಗಿಯೇ ಎಣಿಕೆಯಾಗುತ್ತವೆ. ‘ಬಾಕ್ಸ್’ ಎಂಬ ಪದವೊಂದೇ ಆರು ಜಾಗ ತಿನ್ನುತ್ತದೆ. 70 ದಾಟಿದರೆ ಎರಡು ಸಂದೇಶದ ದುಡ್ಡು. ಇನ್ನೊಂದು ಕಟ್ಟುಪಾಡು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮದ್ದು. ಸಂಸ್ಥೆಗಳು ಕಳುಹಿಸುವ ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು. ಆಮೇಲೆ ಒಂದು ಪದ ಬದಲಿಸಬೇಕೆಂದರೂ ಮತ್ತೆ ಮೊದಲಿನಿಂದ ಅರ್ಜಿ. ಬಿಡುಗಡೆ ಮಾಡಿ, ನೋಡಿ, ತಿದ್ದುವ ಮಾತು ಇಲ್ಲಿ ನಡೆಯುವುದಿಲ್ಲ. ಅಭಿಪ್ರಾಯ ನೋಂದಣಿಗೆ ಮುಂಚೆಯೇ ಸಿಗಬೇಕು.

ಹಾಗಾಗಿ ಸಂದೇಶವನ್ನು ಕಾಗದದ ಮೇಲೆ ಬರೆದುಕೊಂಡು ಮಂಡಿಗೆ ಹೋದೆವು. ಲೆಕ್ಕಕ್ಕಾಗಿ ಕಾಯುತ್ತ ಕುಳಿತ ರೈತರ ಕೈಗೆ ಕೊಟ್ಟು ಓದಲು ಹೇಳಿದೆವು. ನಮ್ಮ ಕರಡಿನಲ್ಲಿ ಮಂಡಿಯ ಹೆಸರು, ದಿನಾಂಕ, ಧನ್ಯವಾದ ಎಲ್ಲವೂ ಇದ್ದವು. ಒಬ್ಬರು ಓದಿ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ: ‘ಮುಂಗಡ ಹಿಡಿದುಕೊಂಡು ಕೈಗೆ ಎಷ್ಟು ಬರುತ್ತದೆ?’ ಆ ಅಂಕಿಯೇ ಅದರಲ್ಲಿರಲಿಲ್ಲ. ಬೇರೆಯವರೂ ಅದನ್ನೇ ಹುಡುಕಿದರು. ಅಲ್ಲಿಯೇ ನಿಂತು ಧನ್ಯವಾದವನ್ನು ಹೊಡೆದುಹಾಕಿ, ಬಾಕ್ಸ್, ದರ, ಕೈಗೆ ಬರುವ ಮೊತ್ತ ಇಷ್ಟನ್ನೇ ಉಳಿಸಿದೆವು. ಯಾವ ಪದವನ್ನು ಎಲ್ಲಿ ಕತ್ತರಿಸಿದರೆ ರೈತನಿಗೆ ತಿಳಿಯುತ್ತದೆ ಎಂದು ಹೇಳಿಕೊಟ್ಟವರು ಅದೇ ಹಿರಿಯ ರೈಟರ್. ಚೀಟಿಯಲ್ಲಿ ಸಂಕ್ಷೇಪವಾಗಿ ಬರೆದು ಪಳಗಿದ ಕೈ ಅವರದು. ನಾವು ಒಂದು ಸಾಲು ಕೋಡ್ ಬರೆಯುವ ಮೊದಲೇ ಆ ಕೆಲಸದ ಮುಖ್ಯ ಭಾಗ ಮುಗಿದಿತ್ತು.

ಎಲ್ಲರ ಮಾತನ್ನೂ ಕೇಳಬೇಕು ಎನ್ನುವುದು ಸರಿ. ಎಲ್ಲರೂ ಹೇಳಿದ್ದನ್ನೆಲ್ಲ ಮಾಡಲಾಗುವುದಿಲ್ಲ. ಮಾಲೀಕರಿಗೆ ಹೆಚ್ಚು ವಿವರ ಬೇಕು, ರೈಟರ್‌ಗೆ ಒತ್ತಬೇಕಾದ ಗುಂಡಿಗಳು ಕಡಿಮೆ ಇರಬೇಕು. ಅಜೈಲ್ ಬಗೆಗಳಲ್ಲಿ ಒಂದಾದ ಸ್ಕ್ರಮ್‌ನ ಮಾರ್ಗದರ್ಶಿ ಇಲ್ಲಿ ಸ್ಪಷ್ಟವಾಗಿದೆ: ಕೆಲಸಗಳ ಆದ್ಯತೆ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಒಬ್ಬ ವ್ಯಕ್ತಿಯಾಗಿರಬೇಕು, ಸಮಿತಿಯಲ್ಲ. ನಮ್ಮಲ್ಲೂ ಆ ಹೊಣೆ ಒಬ್ಬರದೇ.

ತಂಡದ ಒಳಗಿನ ಮಾತುಕತೆಯೂ ಇಷ್ಟೇ ಮುಖ್ಯ. ನಮ್ಮ ದಿನದ ಸಭೆ ಮೊದಲು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಹಾಗೆ ನಡೆಯಬೇಕೆಂದು ಯಾರೂ ಹೇಳಿರಲಿಲ್ಲ, ಅಭ್ಯಾಸ ಅಷ್ಟೇ. ಮಾಲೂರು, ಮುಳಬಾಗಿಲು ಕಡೆಯಿಂದ ಬಂದ ಹೊಸ ಹುಡುಗ ಹುಡುಗಿಯರು ‘ನಿನ್ನೆ ಇದು ಮಾಡಿದೆ, ಇವತ್ತು ಅದು ಮಾಡುತ್ತೇನೆ’ ಎಂದು ಎರಡು ಸಾಲು ಒಪ್ಪಿಸಿ ಸುಮ್ಮನಾಗುತ್ತಿದ್ದರು. ಸಭೆಯನ್ನು ಕನ್ನಡಕ್ಕೆ ತಂದ ಮೇಲೆ ‘ಇದು ನನಗೆ ಅರ್ಥವಾಗಿಲ್ಲ’, ‘ಮೇಡಂ, ಈ ಲೆಕ್ಕ ತಪ್ಪು ಎನಿಸುತ್ತದೆ’ ಎಂಬ ಮಾತುಗಳು ಹೊರಬಂದವು. ದಿನದ ಸಭೆ ಇರುವುದು ಅಡ್ಡಿಗಳು ಬೇಗ ಬೆಳಕಿಗೆ ಬರಲಿ ಎಂದು. ಅಡ್ಡಿಯನ್ನು ಹೇಳಲು ಬೇಕಾದ ಭಾಷೆಯನ್ನೇ ಕಿತ್ತುಕೊಂಡರೆ ಆ ಹದಿನೈದು ನಿಮಿಷವೂ ದಂಡ. ತಂಡದ ಮುಖ್ಯಸ್ಥರಾಗಿರುವ ಎಲ್ಲರಿಗೂ ಇದನ್ನು ಒತ್ತಿ ಹೇಳುತ್ತೇನೆ. ಯೋಜನೆಯ ಯಾವ ಉಪಕರಣವೂ ನಮ್ಮಲ್ಲಿ ಇಷ್ಟು ಬದಲಾವಣೆ ತಂದಿಲ್ಲ.

ಕೊನೆಯದಾಗಿ, ಅಭಿಪ್ರಾಯ ಕೊಟ್ಟವರಿಗೆ ಉತ್ತರ ಕೊಡುವ ವಿಚಾರ. ಕೇಳಿಕೊಂಡು ಹೋದವರು ಮತ್ತೆ ಬಾಯಿಯನ್ನೇ ಬಿಡದಿದ್ದರೆ ಹೇಳಿದವರಿಗೆ ಬೇಸರವಾಗುತ್ತದೆ. ಮುಂದಿನ ಸಲ ಅವರು ‘ಚೆನ್ನಾಗಿದೆ’ ಎಂದು ಮುಗಿಸಿಬಿಡುತ್ತಾರೆ. ಬಾಯಲ್ಲಿ ಹೇಳಿದರೆ ದರ ತಾನಾಗಿ ನಮೂದಾಗಬೇಕೆಂದು ಒಬ್ಬ ರೈಟರ್ ಕೇಳಿದ್ದರು. ಹರಾಜಿನ ಗದ್ದಲದಲ್ಲಿ ಪಕ್ಕದವರ ದರವೂ ನಮೂದಾದೀತು, ಆದ್ದರಿಂದ ಸದ್ಯ ಮಾಡುವುದಿಲ್ಲ ಎಂದು ಅವರ ಬಳಿಗೇ ಹೋಗಿ ತಿಳಿಸಿದೆವು. ಅವರು ಸ್ವಲ್ಪ ಯೋಚಿಸಿ, ‘ಹಾಗಾದರೆ ಅಂಕಿಗಳನ್ನಾದರೂ ದೊಡ್ಡದು ಮಾಡಿಕೊಡಿ, ಕನ್ನಡಕ ಹಾಕಿಕೊಳ್ಳುವುದು ತಪ್ಪಲಿ’ ಎಂದರು. ಆ ಕೆಲಸ ಈ ವಾರದ ಪಟ್ಟಿಯಲ್ಲಿದೆ.