ಕಂದು ಬಣ್ಣಕ್ಕೆ ತಿರುಗಿದ ರೊಟ್ಟಿ

ಗೋವಾದಲ್ಲಿ ನಾನು ಹನ್ನೊಂದು ವರ್ಷದಿಂದ ಎಲೆಕ್ಟ್ರಿಶಿಯನ್. ಹೋಟೆಲ್, ಬೇಕರಿಗಳ ಹೀಟರ್ ರಿಪೇರಿಯೇ ಜಾಸ್ತಿ. ಹೋದ ಮಳೆಗಾಲದಲ್ಲಿ ಒಂದು ಕಾರ್ಮೆಲ್ ಮಠದಿಂದ, ಅಂದರೆ ಕ್ರೈಸ್ತ ಸನ್ಯಾಸಿನಿಯರ ಮಠದಿಂದ, ಫೋನ್ ಬಂತು.

ಮಠ ಅಂದರೆ ನನಗೆ ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಮಠ. ಯಾರು ಬೇಕಾದರೂ ಹೋಗಿ ಪ್ರಸಾದ ಉಂಡು ಬರಬಹುದು. ಇಲ್ಲಿ ಹಾಗಲ್ಲ. 1562ರಲ್ಲಿ ಸ್ಪೇನಿನ ಆವಿಲಾದಲ್ಲಿ ಸಂತ ತೆರೆಸಾ ಶುರು ಮಾಡಿದ ಕಟ್ಟುನಿಟ್ಟು ಇವರದು. ಒಳಗಿನ ಸಿಸ್ಟರ್‌ಗಳು ಸುಮ್ಮನೆ ಹೊರಗೆ ಬರುವುದಿಲ್ಲ. ಗೋಡೆಯಲ್ಲಿ ತಿರುಗುವ ಮರದ ಪೀಪಾಯಿ ಇದೆ. ಸಾಮಾನು ಇಟ್ಟು ತಿರುಗಿಸಿದರೆ ಆ ಕಡೆ ಸೇರುತ್ತದೆ, ಮುಖ ಕಾಣುವುದಿಲ್ಲ. ರಿಪೇರಿಯವನು ಅಂತ ನನ್ನನ್ನು ಒಳಗೆ ಬಿಟ್ಟರು. ಮುಂದೆ ಒಬ್ಬ ಸಿಸ್ಟರ್ ಚಿಕ್ಕ ಗಂಟೆ ಬಾರಿಸುತ್ತಾ ನಡೆದರು. ಗಂಡಸು ಬಂದಿದ್ದಾನೆ, ದಾರಿ ಬಿಡಿ ಅಂತ!

ಕೆಟ್ಟಿದ್ದು ಪರಮಪ್ರಸಾದದ ರೊಟ್ಟಿ ಸುಡುವ ಯಂತ್ರ. ಚರ್ಚಿನಲ್ಲಿ ನಾಲಿಗೆ ಮೇಲಿಡುವ ಆ ಬಿಳಿ ಬಿಲ್ಲೆಗೆ ಬೇಕಾದ್ದು ಗೋಧಿ ಹಿಟ್ಟು, ನೀರು, ಅಷ್ಟೇ. ಈಸ್ಟ್ ಇಲ್ಲ. ತೆಳು ಹಿಟ್ಟನ್ನು ಎರಡು ಬಿಸಿ ತಟ್ಟೆಗಳ ನಡುವೆ ಒತ್ತಿದರೆ ಹಪ್ಪಳದಂಥ ಹಾಳೆ ಬರುತ್ತದೆ. ಹಾಗೇ ಕತ್ತರಿಸಿದರೆ ಪುಡಿಪುಡಿ. ಅದಕ್ಕೆ ಹಾಳೆಯನ್ನು ತೇವದಲ್ಲಿಟ್ಟು ಮೆತ್ತಗೆ ಮಾಡಿ, ಆಮೇಲೆ ಬಿಲ್ಲೆ ಕತ್ತರಿಸುತ್ತಾರೆ.

ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಹೋಗಿತ್ತು. ಸರಿಯಾದ ಪೀಸ್ ಸಿಗಲಿಲ್ಲ. ಬೇಕರಿ ಓವನ್ನಿನದೊಂದು ಬ್ಯಾಗಲ್ಲಿತ್ತು, ಅದನ್ನೇ ಹಾಕಿದೆ. ಸಿಸ್ಟರ್ ಮಂಗಳೂರು ಕಡೆಯವರು. 'ಇದು ಎಷ್ಟು ಬಿಸಿ...' ಅಂತ ಕೇಳುತ್ತಿದ್ದರು, ಪ್ರಾರ್ಥನೆಯ ಗಂಟೆ ಹೊಡೆಯಿತು. ಮಾತು ಅರ್ಧಕ್ಕೇ ಬಿಟ್ಟು ಹೊರಟೇಬಿಟ್ಟರು. ಗಂಟೆ ಕೇಳಿದ ಮೇಲೆ ಅವರಿಗೆ ಮಾತೂ ಇಲ್ಲ, ಕೆಲಸವೂ ಇಲ್ಲ. ನಾನು ಕಾಯಬಹುದಿತ್ತು. ಒಂದು ಹಾಳೆ ಸುಟ್ಟು ನೋಡಬಹುದಿತ್ತು. ಬ್ಯಾಗ್ ಕಟ್ಟಿ ಹೊರಟೆ.

ಮರುದಿನ ಫೋನ್. ಹಾಳೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿವೆಯಂತೆ. 'ಅಂಗಡಿಯವನು ತಪ್ಪು ಪೀಸ್ ಕೊಟ್ಟ' ಅನ್ನುವ ಉತ್ತರ ದಾರಿಯಲ್ಲೇ ರೆಡಿ ಮಾಡಿಕೊಂಡೆ. ಬಾಯಿ ಬಿಡುವ ಮೊದಲೇ ಸಿಸ್ಟರ್, 'ನನ್ನದೇ ತಪ್ಪು ಮಾರಾಯ್ರೇ. ಮೊದಲ ಹಾಳೆ ನೋಡಿಯೇ ನಿಲ್ಲಿಸಬೇಕಿತ್ತು. ಮದರ್‌ಗೆ ಹೇಳಿ ಆಯ್ತು' ಅಂದರು.

ಮದರ್ ಅಂದರೆ ಮಠದ ಮುಖ್ಯಸ್ಥೆ. ಬೈದರಾ ಅಂತ ಕೇಳಿದೆ. ನಕ್ಕರು. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಮಠದವರಿಗಾಗಿ 73 ಅಧ್ಯಾಯಗಳ ನಿಯಮ ಬರೆದರಂತೆ. ಅದರ 46ನೆಯದರಲ್ಲಿ, ಕೆಲಸದಲ್ಲಿ ಏನಾದರೂ ಒಡೆದರೆ, ಕಳೆದರೆ ತಕ್ಷಣ ತಾನೇ ಬಂದು ಹೇಳಬೇಕು ಅಂತಿದೆ. ಬೇರೆಯವರಿಂದ ಗೊತ್ತಾದರೆ ಶಿಕ್ಷೆ ಜಾಸ್ತಿ. ಅಡುಗೆಮನೆ, ಉಗ್ರಾಣ, ತೋಟ ಅಂತ ಪಟ್ಟಿಯೇ ಇದೆಯಂತೆ, ಬೇಕರಿಯೂ ಸೇರಿ. 'ನಮ್ಮದು ಬೇರೆ ಪಂಗಡ. ಆದರೂ ನಾವೂ ಹಾಗೇ' ಅಂದರು.

ನನ್ನ ರೆಡಿ ಉತ್ತರ ಗಂಟಲಲ್ಲೇ ಉಳಿಯಿತು. 'ಇಲ್ಲ ಸಿಸ್ಟರ್, ಬೇರೆ ಪೀಸ್ ಅಂತ ಗೊತ್ತಿದ್ದೇ ಹಾಕಿದೆ. ಟೆಸ್ಟ್ ಮಾಡಲಿಲ್ಲ' ಅಂದೆ. ಎರಡು ದಿನ ಹುಡುಕಿ ಸರಿಯಾದದ್ದು ತಂದು, ದುಡ್ಡು ತೆಗೆದುಕೊಳ್ಳದೆ ಹಾಕಿಕೊಟ್ಟೆ. ಈ ಸಲ ಪ್ರಾರ್ಥನೆ ಮುಗಿಯುವ ತನಕ ಕೂತಿದ್ದು, ಹಾಳೆ ಬೆಳ್ಳಗೆ ಬಂದದ್ದು ನೋಡಿ ಎದ್ದೆ.

ಆವತ್ತಿನಿಂದ ಬದಲಿ ಪೀಸ್ ಹಾಕಿದರೆ ಬಿಲ್ಲಲ್ಲೇ ಬರೆಯುತ್ತೇನೆ. ಲಾಭವೇನೂ ಆಗಿಲ್ಲ. ಒಂದು ಹೋಟೆಲಿನ ಮ್ಯಾನೇಜರ್ ಅದನ್ನೇ ಹಿಡಿದುಕೊಂಡು ಐನೂರು ರೂಪಾಯಿ ಕಡಿತ ಮಾಡಿದರು. ಹೊಟ್ಟೆ ಉರಿಯಿತು, ನಿಜ.

ಕಂದಿದ ಹಾಳೆಗಳನ್ನು ಸಿಸ್ಟರ್ ಚೀಲಕ್ಕೆ ತುಂಬಿ ಕೊಟ್ಟಿದ್ದರು. ಪೂಜೆಗೆ ಇಟ್ಟದ್ದಲ್ಲ, ತಿನ್ನಬಹುದು ಅಂತ. ಮನೆಯಲ್ಲಿ ಮಕ್ಕಳು ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ಖಾಲಿ ಮಾಡಿದರು.