ನಿಮ್ಮಪ್ಪ ಯಾಕೆ ಒಂದು ವೇಷವನ್ನೂ ಹಾಕಲಿಲ್ಲ?

ಮುಂಬೈಯಲ್ಲಿ ಯಾವ ಯಕ್ಷಗಾನಕ್ಕೆ ಹೋದರೂ ಯಾರಾದರೂ ಹಿರಿಯರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಪ್ರಸಂಗ ಗೊತ್ತಿತ್ತು, ಪದ್ಯ ಬಾಯಲ್ಲಿತ್ತು, ಕಿರೀಟ ಭುಜಕೀರ್ತಿ ಎಲ್ಲ ಅವರೇ ಮಾಡುತ್ತಿದ್ದರು. ಹಾಗಿದ್ದೂ ನಿಮ್ಮಪ್ಪ ರಂಗಸ್ಥಳಕ್ಕೆ ಯಾಕೆ ಬರಲಿಲ್ಲ? ಅಪ್ಪ ತೀರಿಕೊಂಡ ಮೇಲೆ ಈ ಪ್ರಶ್ನೆ ಇನ್ನೂ ಜಾಸ್ತಿಯಾಗಿದೆ. ನಿಂತಲ್ಲೇ ಎರಡು ಮಾತಲ್ಲಿ ಹೇಳಿ ಮುಗಿಸುವುದು ನನಗೆ ಇಷ್ಟವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದು ಹೊಟ್ಟೆಪಾಡು. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಪರೇಲಿನ ಒಂದು ಬಟ್ಟೆ ಮಿಲ್ಲಿನಲ್ಲಿ ಬಡಗಿಯಾದವರು ಅಪ್ಪ. ಊರಲ್ಲಿ ಮೇಳ ಸೇರಿದರೆ ದೀಪಾವಳಿ ಆಸುಪಾಸಿನಿಂದ ಮಳೆ ಹಿಡಿಯುವವರೆಗೆ ತಿರುಗಾಟ. ಇಲ್ಲಿ ಚಾಳಿನ ಒಂದೇ ಖೋಲಿಯಲ್ಲಿ ಅಜ್ಜಿ, ಅಮ್ಮ, ನಾವು ಮೂವರು ಮಕ್ಕಳು. ಎಲ್ಲಿಂದ ಮೇಳ ಸೇರುತ್ತಾರೆ ಹೇಳಿ?

ಆದರೆ ಅದಷ್ಟೇ ಕಾರಣ ಅಂದರೆ ಅಪ್ಪನಿಗೆ ಅನ್ಯಾಯ ಮಾಡಿದ ಹಾಗೆ. ಅವರ ಮನಸ್ಸೆಲ್ಲ ಇದ್ದದ್ದು ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದಲ್ಲಿ.

ಕಿರೀಟವಾದರೆ ತಲೆಗಿಟ್ಟು ಬಿಗಿದರೆ ಆಯಿತು. ನಮ್ಮ ಬಡಗುತಿಟ್ಟು ಯಕ್ಷಗಾನದಲ್ಲಿ ತಲೆಗೆ ಕಟ್ಟುವ ಕೇದಗೆ ಮುಂದಲೆ ಹಾಗಲ್ಲ. ಅಭಿಮನ್ಯುವಿನಂಥ ಎಳೆಯ ವೀರನಿಗೆ ಅದನ್ನು ಪ್ರತಿ ಆಟಕ್ಕೂ ಹೊಸದಾಗಿ, ಬಟ್ಟೆ ಜರಿಪಟ್ಟಿ ಸುತ್ತಿ ಸುತ್ತಿ, ತಲೆಯ ಮೇಲೆಯೇ ಕಟ್ಟಬೇಕು. ಬಿಗಿ ಹೆಚ್ಚಾದರೆ ಅರ್ಧ ಗಂಟೆಯಲ್ಲಿ ತಲೆ ಸಿಡಿಯುತ್ತದೆ, ಸಡಿಲವಾದರೆ ಮಂಡಿ ಹಾಕಿ ಸುತ್ತುವಾಗ ಜಾರುತ್ತದೆ. ಅಪ್ಪ ಕಟ್ಟಿದ ಮುಂದಲೆ ಜಾರಿದ್ದನ್ನು ನಾನು ನೋಡಿಲ್ಲ. ಒಮ್ಮೆ ಅಮ್ಮನೇ ಕೇಳಿದ್ದಳು, ನಿಮಗೆ ಕುಣಿಯುವ ಆಸೆ ಇಲ್ಲವಾ ಅಂತ. "ನಾನು ಕುಣಿಯಲಿಕ್ಕೆ ಹೋದರೆ ಉಳಿದವರಿಗೆ ಕಟ್ಟುವುದು ಯಾರು ಮಾರಾಯ್ತಿ?" ಅಂದರು. ನೆಪಕ್ಕೆ ಹೇಳಿದ ಮಾತಲ್ಲ ಅದು. ಕಟ್ಟಲು ಬರುವವರು ಈ ಊರಲ್ಲಿ ನಿಜವಾಗಿಯೂ ಕಡಿಮೆ ಇದ್ದರು.

ಭುಜಕೀರ್ತಿ ಮಾಡುವುದನ್ನು ನೋಡಬೇಕಿತ್ತು ನೀವು. ಊರಿಂದ ಬಸ್ಸಿನಲ್ಲಿ ಬಂದ ಹಗುರದ ಮರ. ಮುಂಭಾಗ ಕೆತ್ತಿದ ಮೇಲೆ ಹಿಂಬದಿಯನ್ನು ಉಳಿಯಿಂದ ಕೊರೆದು ಕೊರೆದು ತೆಳ್ಳಗೆ ಮಾಡುತ್ತಿದ್ದರು, ನೋಡುವವರಿಗೆ ಕಾಣದ ಆ ಹಿಂಬದಿಗೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು, ಯಾಕೆಂದರೆ ಹೊರುವವನಿಗೆ ಗೊತ್ತಾಗುವುದು ಅದೇ ತಾನೆ. ಆಮೇಲೆ ಬೇಗಡೆ ಅಂಟಿಸುವುದು. ಚಿನ್ನದ ಬಣ್ಣದ ಆ ತೆಳು ಹಾಳೆ ಉಸಿರು ತಾಗಿದರೂ ಹಾರುತ್ತದೆ, ಹಾಗಾಗಿ ಫ್ಯಾನ್ ಬಂದ್. ಮೇ ತಿಂಗಳ ಸೆಕೆಯಲ್ಲಿ ಬಾಗಿಲು ಹಾಕಿಕೊಂಡು ಇಡೀ ಮನೆ ಕೂರುತ್ತಿತ್ತು. ಅಮ್ಮ ಒಳಗಡೆಗೆ ಮೆತ್ತೆ ಹೊಲಿದು ಲಾಡಿ ಹಾಕುತ್ತಿದ್ದಳು, ನಾವು ಮಕ್ಕಳು ಕನ್ನಡಿ ಚೂರು ಆರಿಸಿ ಕೊಡುತ್ತಿದ್ದೆವು.

ಮೇ ತಿಂಗಳಲ್ಲೇ ಯಾಕೆ ಅಂದರೆ, ಮಳೆಗಾಲದಲ್ಲಿ ಊರಿನ ಆಟ ನಿಲ್ಲುತ್ತದೆ, ಆಗ ಅಲ್ಲಿನ ಕಲಾವಿದರು ಮುಂಬೈಗೆ ಬರುತ್ತಾರೆ. ಇಲ್ಲಿನ ಸಭಾಂಗಣಗಳಲ್ಲಿ ಆಟದ ಸುಗ್ಗಿ ಮಳೆಯಲ್ಲೇ. ಅಂಟು ಒಣಗದ, ಬೇಗಡೆ ಎದ್ದು ಬರುವ ಕಾಲವೂ ಅದೇ. ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಯಬೇಕಿತ್ತು.

1982ರ ಜನವರಿ 18ಕ್ಕೆ ದತ್ತಾ ಸಾಮಂತರ ನೇತೃತ್ವದಲ್ಲಿ ಮಿಲ್ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು. ಅಪ್ಪನಂತೆ ಎಷ್ಟೋ ಜನರಿಗೆ ಆ ಕೆಲಸ ಮತ್ತೆ ಸಿಗಲೇ ಇಲ್ಲ. ಆಗ ನಮ್ಮನ್ನು ಸಾಕಿದ್ದು ಅದೇ ಉಳಿ, ಅದೇ ಸುತ್ತಿಗೆ. ಹಗಲು ಯಾರದ್ದೋ ಮನೆಯ ಕಪಾಟು, ಕಿಟಕಿ. ಗಣೇಶ ಹಬ್ಬ ಹತ್ತಿರ ಬಂದಾಗ ಲಾಲ್‌ಬಾಗಿನ ಮನೆಗಳಿಗೆ ಮಖರ, ಅಂದರೆ ಗಣಪತಿ ಕೂರಿಸುವ ಅಲಂಕಾರದ ಮಂಟಪ. ರಾತ್ರಿ ಕಿರೀಟ. ಹಾಗಿದ್ದೂ ನಮ್ಮ ಕನ್ನಡ ಕಾಪಿ ಪುಸ್ತಕ ನೋಡದೆ ಮಲಗುತ್ತಿರಲಿಲ್ಲ, ಒತ್ತಕ್ಷರ ತಪ್ಪಿದ್ದರೆ ಬಡಗಿ ಪೆನ್ಸಿಲಿನಿಂದಲೇ ತಿದ್ದುತ್ತಿದ್ದರು.

ಥರ್ಮಕೋಲಿನಲ್ಲಿ ಮಾಡಿಕೊಡಿ, ಬೇಗ ಆಗುತ್ತದೆ ಎಂದು ಕೇಳಿಕೊಂಡು ಬಂದವರಿದ್ದರು. ಮಖರಕ್ಕೆ ಸರಿ, ವೇಷಕ್ಕೆ ಬೇಡ ಅನ್ನುತ್ತಿದ್ದರು. ಆ ದಿನಗಳಲ್ಲಿ ದುಡ್ಡಿನ ಅಗತ್ಯ ಎಷ್ಟಿತ್ತು ಅಂತ ಬಲ್ಲ ನನಗೆ ಅದು ಸಣ್ಣ ಮಾತಲ್ಲ.

ಇನ್ನು ಒಂದು ವೇಷವನ್ನೂ ಹಾಕಲಿಲ್ಲ ಅನ್ನುವುದು ಪೂರ್ತಿ ನಿಜವೂ ಅಲ್ಲ. ಹೊಸ ಕಿರೀಟ ಮುಗಿದ ದಿನ ಅಪ್ಪ ಬನಿಯನ್ನು, ಪಂಚೆಯಲ್ಲೇ ಅದನ್ನು ತಲೆಗೆ ಕಟ್ಟಿಕೊಂಡು ಸಂಜೆಯೆಲ್ಲ ಮನೆಯಲ್ಲಿ ಓಡಾಡುತ್ತಿದ್ದರು. ಎಲ್ಲಿ ಒತ್ತುತ್ತದೆ, ಯಾವ ಕಡೆಗೆ ವಾಲುತ್ತದೆ ಅಂತ ನೋಡಲಿಕ್ಕೆ. ಹಾಗೇ ಕರ್ಣನ ಮಾತು ಶುರುವಾಗುತ್ತಿತ್ತು, ಕುಂತಿ ಬಂದು ಪಾಂಡವರ ಕಡೆಗೆ ಕರೆಯುವ ಜಾಗ. ಅಮ್ಮ ಒಲೆಯ ಮುಂದಿನಿಂದಲೇ ಕುಂತಿಯಾಗಿ ಉತ್ತರ ಕೊಡುತ್ತಿದ್ದಳು. ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಒತ್ತುವ ಜಾಗ ಕೆರೆದು, ಮೆತ್ತೆ ಸರಿಮಾಡಿ ಕೊಟ್ಟುಬಿಡುತ್ತಿದ್ದರು.

ಈಗ ಅಣ್ಣ ಆ ಕೆಲಸ ಮಾಡುತ್ತಿದ್ದಾನೆ, ರಜೆಯ ದಿನಗಳಲ್ಲಿ. ಅಪ್ಪ ಮಾಡಿದ ಒಂದು ಜೊತೆ ಭುಜಕೀರ್ತಿಗೆ ಈ ಮಳೆಗಾಲಕ್ಕೆ ಮುಂಚೆ ಹೊಸ ಬೇಗಡೆ ಹಾಕಬೇಕಿದೆ. ಹಳೆಯ ತರಹದ್ದು ಎಲ್ಲಾದರೂ ಸಿಗುತ್ತಿದ್ದರೆ ದಯವಿಟ್ಟು ತಿಳಿಸಿ, ಎಷ್ಟು ದೂರವಾದರೂ ಹೋಗಿ ತರುತ್ತೇವೆ.